ಅಧ್ಯಕ್ಷರು ಮಾತಾಡಿದ ಮೇಲೆ

ನಮ್ಮ ಕಡೆ ಯಾವ ಸಭೆಯೇ ಆಗಲಿ, ಅಧ್ಯಕ್ಷರು ಕಟ್ಟಕಡೆಗೆ ಮಾತಾಡಬೇಕು. ಸೊಸೈಟಿಯ ವಾರ್ಷಿಕ ಸಭೆಯಿರಲಿ, ಶಾಲೆಯ ಕೂಟವಿರಲಿ, ಮಠದ ಅಂಗಳದ ಉಪನ್ಯಾಸವಿರಲಿ, ಕ್ರಮ ಒಂದೇ. ಮೊದಲು ಪ್ರಾರ್ಥನೆ, ಸ್ವಾಗತ, ಹಾರ. ಆಮೇಲೆ ಒಬ್ಬರಾದ ಮೇಲೊಬ್ಬರು ‘ಅಧ್ಯಕ್ಷರ ಅಪ್ಪಣೆ ಮೇರೆಗೆ’ ಎಂದು ಶುರು ಮಾಡಿ, ಅಪ್ಪಣೆ ತೀರಿ ಎಷ್ಟು ಹೊತ್ತಾದರೂ ಕೂರದ ಭಾಷಣಕಾರರು. ಅಷ್ಟೂ ಹೊತ್ತು ಅಧ್ಯಕ್ಷರು ನಡುವಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು ಕೇಳಬೇಕು. ಕೊನೆಗೆ ಅವರೆದ್ದು ಆಡಿದ್ದೇ ಆ ಸಭೆಯ ತೀರ್ಮಾನ. ಅದರ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ. ತೆರೆದರೆ ಅಧ್ಯಕ್ಷರಿಗೆ ಅವಮಾನ. ಉಳಿಯುವುದು ವಂದನಾರ್ಪಣೆ ಒಂದೇ. ಅದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಆಗ ಎಲ್ಲರೂ ಚಪ್ಪಲಿ ಹುಡುಕುತ್ತಿರುತ್ತಾರೆ.

ಬಸವನ ಬಾಗೇವಾಡಿಯಲ್ಲಿ ಹುಟ್ಟಿ ಬೆಳೆದ ನಾನು ಇದನ್ನು ಲೋಕದ ನಿಯಮವೆಂದೇ ತಿಳಿದಿದ್ದೆ. ಅಮೆರಿಕದವರು ಸಭೆ ಮಾಡಿದರೂ ಹೀಗೆಯೇ ಮಾಡುತ್ತಾರೆಂದು ನಂಬಿದ್ದೆ. ನಂಬಿದವಳು ನಾನೊಬ್ಬಳೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಇಡೀ ನಾಲ್ಕು ತಾಲೂಕು ಹಾಗೆ ನಂಬಿತ್ತು, ಮತ್ತು ಆ ನಂಬಿಕೆಯಿಂದ ಒಬ್ಬ ಹುಡುಗಿಯ ಓದು ನಿಂತುಹೋಗುವುದರಲ್ಲಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಎಂ.ಎ. ಮುಗಿಸಿ, ಸಿಂದಗಿಯಲ್ಲಿ ಶಿಕ್ಷಕಿಯರಾಗಲು ಬಂದ ಹೆಣ್ಣುಮಕ್ಕಳಿಗೆ ಮನೋವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದ್ದೆ. ಆಗ ನಮ್ಮ ಕಡೆ ಮನೋವಿಜ್ಞಾನವೆಂದರೆ ಎದುರಿನವರ ಮನಸ್ಸು ಓದುವ ವಿದ್ಯೆ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಯಾರಾದರೊಬ್ಬ ಹೆಂಗಸು ಕೈ ಹಿಡಿದು ಕೇಳುತ್ತಿದ್ದಳು, “ಅಕ್ಕೋರ, ನಮ್ಮ ಸೊಸಿ ಮನಸಿನ್ಯಾಗ ಏನೈತಿ, ಒಂದೀಟು ನೋಡಿ ಹೇಳ್ರಿ.” ಸೊಸೆಯನ್ನೇ ಕೇಳಿ ಎಂದರೆ ಅವಳಿಗೆ ಬೇಸರ. ಓದಿದವಳು ವಿದ್ಯೆ ಬಚ್ಚಿಡುತ್ತಾಳೆಂದು ಗೊಣಗಿ ಹೋಗುತ್ತಿದ್ದಳು.

ಧಾರವಾಡದಲ್ಲಿ ನನಗೆ ಕಲಿಸಿದ ಪ್ರಾಧ್ಯಾಪಕರು ಮನೆ ಬದಲಿಸುವಾಗ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ ನನ್ನ ತಲೆಗೆ ಕಟ್ಟಿದರು. ವಿಜಾಪುರದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಚೀಲವನ್ನು ಕಾಲಿನಿಂದ ತಡವಿ ನೋಡಿದ.

“ಇದರಾಗ ಏನೈತ್ರಿ ಅಕ್ಕೋರ?”

“ಭಾಷಣ.”

“ಇಷ್ಟೂ ಭಾಷಣಾನ?”

“ಹೌದು. ಅಧ್ಯಕ್ಷರವು.”

“ಹಂಗಾದ್ರ ಲಗೇಜ್ ಟಿಕೀಟು ಬೇಕ್ರಿ,” ಎಂದು ಹರಿದುಕೊಟ್ಟ.

ಸುಳ್ಳೇನೂ ಹೇಳಿರಲಿಲ್ಲ. ಅಮೆರಿಕದ ಮನೋವಿಜ್ಞಾನಿಗಳು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಪ್ರತಿವರ್ಷ ಹೊಸ ಅಧ್ಯಕ್ಷ, ಪ್ರತಿ ಅಧ್ಯಕ್ಷನದೂ ಒಂದು ದೊಡ್ಡ ಭಾಷಣ. ಆ ಭಾಷಣಗಳೇ ಈ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಬಿಡುವಿದ್ದಾಗಲೆಲ್ಲ ಒಂದೊಂದನ್ನು ಓದತೊಡಗಿದೆ. ಮೊದಲಿನವರು ಮನಸ್ಸಿಗೂ ಒಂದು ಪ್ರಯೋಗಶಾಲೆ ಬೇಕು, ಮನುಷ್ಯ ತನ್ನೊಳಗೆ ತಾನೇ ನೋಡಿಕೊಂಡು ಕಂಡದ್ದನ್ನು ವರದಿ ಮಾಡಬೇಕು ಎಂದವರು. ಅವರ ನಡುವೆ ಒಬ್ಬ ಹೆಣ್ಣುಮಗಳು ಅಧ್ಯಕ್ಷೆಯಾಗಿದ್ದಳು. ಡಾಕ್ಟರೇಟಿಗೆ ಬೇಕಾದ ಕೆಲಸವನ್ನೆಲ್ಲ ಮಾಡಿ ಮುಗಿಸಿದರೂ ಹೆಣ್ಣೆಂಬ ಕಾರಣಕ್ಕೆ ಆ ಪದವಿ ಸಿಗದೆ ಉಳಿದವಳು. ‘ನಾನು’ ಎಂಬುದನ್ನು ಬಿಟ್ಟು ಮನೋವಿಜ್ಞಾನವಿಲ್ಲವೆಂದು ಆಕೆ ವಾದಿಸಿದ್ದನ್ನು ಎರಡೆರಡು ಸಲ ಓದಿದೆ. ಪದವಿ ಕೊಡದವರ ಎದುರು ನಿಂತು ‘ನಾನು’ ಎನ್ನುವುದಕ್ಕೆ ಎಷ್ಟು ಗಟ್ಟಿ ಗುಂಡಿಗೆ ಬೇಕು!

ಆಮೇಲೆ ಬಂದವರು, ಒಳಗೆ ನೋಡಿದ್ದು ಸಾಕು, ಬುದ್ಧಿಯನ್ನು ಅಳೆಯೋಣ ಎಂದರು. ಇನ್ನೊಬ್ಬರು ಮನಸ್ಸೆಂಬ ಮಾತೇ ಬೇಡ, ಪ್ರಾಣಿ ಏನು ಮಾಡುತ್ತದೆ ಅಷ್ಟೇ ನೋಡಿ ಎಂದರು. ಮತ್ತೊಬ್ಬರು ಕವಲುದಾರಿಯಲ್ಲಿ ನಿಂತ ಇಲಿಯೊಂದನ್ನು ತೋರಿಸಿ ಎಲ್ಲವೂ ಇಲ್ಲಿಯೇ ಇದೆ ಎಂದರು. ಅಳೆಯುವವರೂ ಪ್ರಯೋಗ ಮಾಡುವವರೂ ಒಬ್ಬರಿಗೊಬ್ಬರು ಮಾತಾಡುವುದನ್ನೇ ಬಿಟ್ಟಿದ್ದಾರೆಂದು ಬೇರೊಬ್ಬರು ನೊಂದುಕೊಂಡರು. ತೀರ ಈಚಿನವರೊಬ್ಬರು ಈ ವಿದ್ಯೆಯನ್ನು ನಮ್ಮಲ್ಲೇ ಇಟ್ಟುಕೊಳ್ಳದೆ ಜನರಿಗೆ ಕೊಟ್ಟುಬಿಡೋಣ ಎಂದರು. ಅವರಾದ ಮೇಲೊಬ್ಬರು ಆಳುವವರ ಕ್ರೌರ್ಯ ಇಳಿಸಲು ಗುಳಿಗೆಯೇನಾದರೂ ಸಿಕ್ಕೀತೇ ಎಂದು ಯೋಚಿಸಿದ್ದರು. ಆ ಗುಳಿಗೆ ಬಂದರೆ ಮೊದಲು ಯಾರಿಗೆ ಕೊಡಬೇಕೆಂದು ನಮ್ಮ ಸಂಸ್ಥೆಯ ಅಕ್ಕೋರುಗಳೆಲ್ಲ ಚಹಾದ ಹೊತ್ತಿನಲ್ಲಿ ಚರ್ಚಿಸಿದೆವು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮೊದಮೊದಲು ಪ್ರತಿ ಭಾಷಣ ಮುಗಿದಾಗಲೂ, ಸರಿ, ಅಧ್ಯಕ್ಷರು ಹೇಳಿದರಲ್ಲ, ವಿಷಯ ಮುಗಿಯಿತು ಎನಿಸುತ್ತಿತ್ತು. ಮುಂದಿನದನ್ನು ತೆಗೆದರೆ ಇನ್ನೊಬ್ಬ ಅಧ್ಯಕ್ಷ ಎದ್ದು ನಿಂತು ಹಿಂದಿನವನು ಕಟ್ಟಿದ ಗಂಟನ್ನು ನಿಧಾನಕ್ಕೆ ಬಿಚ್ಚುತ್ತಿದ್ದ. ಅವಮಾನ ಮಾಡಿದನಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ನಗು ಬರತೊಡಗಿತು. ಅವರ ಅಧ್ಯಕ್ಷರ ಮಾತು ಸಭೆ ಮುಗಿಸುವ ಮಾತಲ್ಲ, ಒಂದು ವರ್ಷದ ಮಾತು ಎಂದು ತಿಳಿಯಲು ನನಗೆ ಒಂದು ಇಡೀ ಚೀಲ ಬೇಕಾಯಿತು.

ಆ ವರ್ಷ ಚಳಿಗಾಲದಲ್ಲಿ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ನಾಲ್ಕು ತಾಲೂಕಿನ ಶಿಕ್ಷಕರಿಗೆ ಶಿಬಿರ ಹಾಕಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಕೊನೆಗೆ ನಮ್ಮ ಬಾಗೇವಾಡಿ. ಮನೋವಿಜ್ಞಾನ ಬೆಳೆದು ಬಂದ ದಾರಿಯನ್ನು ನಾಲ್ಕು ಭಾಗ ಮಾಡಿ, ಊರಿಗೊಂದರಂತೆ ನಾನು ಹೇಳಬೇಕು. ನಾಲ್ಕೂ ಕಡೆ ಅಧ್ಯಕ್ಷತೆ ಸಾಹೇಬರದು. ಎಲ್ಲ ತಾಲೂಕಿನಿಂದಲೂ ಕೆಲವು ಹೆಡ್‌ಮಾಸ್ತರರು ನಾಲ್ಕೂ ಶಿಬಿರಕ್ಕೆ ಬರಬೇಕೆಂದು ಅಪ್ಪಣೆಯಾಗಿತ್ತು. ಸಾಹೇಬರು ಕೆಟ್ಟವರಲ್ಲ. ಜೀಪಿನಿಂದಿಳಿದರೆ ಮೊದಲು ಶಾಲೆಯ ಕುಡಿಯುವ ನೀರಿನ ಹರವಿ ಮುಚ್ಚಿದೆಯೋ ಇಲ್ಲವೋ ನೋಡುತ್ತಿದ್ದರು. ಆದರೆ ತಾವು ಆಡಿದ ಮಾತು ಮುಗಿದ ಮಾತು ಎಂಬುದರಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ಇಂಡಿಯಲ್ಲಿ ಎಲ್ಲ ಸಲೀಸಾಯಿತು. ಹೊರಗೆ ಲಿಂಬೆಹಣ್ಣಿನ ಗಾಡಿಗಳು, ಒಳಗೆ ಶಿಕ್ಷಕರು. ಮೊದಲ ಅಧ್ಯಕ್ಷರ ಕಾಲದಂತೆ ಎಲ್ಲರೂ ಕಣ್ಣು ಮುಚ್ಚಿ ತಮ್ಮೊಳಗೆ ಏನಿದೆ ಹೇಳಬೇಕೆಂದೆ. ಒಬ್ಬ ಹಿರಿಯ ಮಾಸ್ತರರು ಬಹಳ ಹೊತ್ತು ಒಳಗೆ ನೋಡಿಕೊಂಡು, “ಅಕ್ಕೋರ, ಒಳಗ ಬರೇ ಊಟದ ಗಂಟಿ ಕೇಳಸಾಕತ್ತೈತ್ರಿ,” ಎಂದರು. ಸಾಹೇಬರು ಕೊನೆಗೆ ಎದ್ದು ಸಾಲೋಟಗಿಯ ಕಲ್ಲಿನ ಬಗ್ಗೆ ಮಾತಾಡಿದರು. ಹತ್ತಿರದ ಸಾಲೋಟಗಿಯಲ್ಲಿ ಹಳೆಯ ಶಾಸನವಿದೆ. ಅಲ್ಲಿ ದೂರದೂರದಿಂದ ಓದಲು ಬಂದವರ ಊಟಕ್ಕೂ ದೀಪಕ್ಕೂ ಭೂಮಿ ಬಿಟ್ಟಿದ್ದರೆಂದು ಕೊರೆದಿದೆಯಂತೆ. “ನೋಡ್ರಿ, ಓದೋರ ದೀಪಕ್ಕ ಎಣ್ಣಿ ಬಿಟ್ಟ ನಾಡು ನಮ್ಮದು!” ಎಂದು ಅವರು ಕೈಯೆತ್ತಿದಾಗ ಚಪ್ಪಾಳೆ ಬಿತ್ತು. ಇಂಡಿಯಲ್ಲಿ ಹೇಳಿದ್ದು ಸರಿ. ಆಮೇಲೆ ಉಳಿದ ಮೂರೂ ಊರಿನಲ್ಲಿ ಆ ಕಲ್ಲು ನಮ್ಮ ಜೊತೆ ಬಂತು.

ಎರಡನೆಯದು ಸಿಂದಗಿಯಲ್ಲಿ. ಅಂದಿನ ವಿಷಯ ಬುದ್ಧಿಯನ್ನು ಅಳೆಯಲು ಹೊರಟ ಅಧ್ಯಕ್ಷರದು. ಅವರ ಹುಮ್ಮಸ್ಸೇನು, ಸೈನ್ಯದ ಜವಾನರಿಗೆ ಪರೀಕ್ಷೆ ಕೊಟ್ಟದ್ದೇನು, ಎಲ್ಲ ಹೇಳಿ, ಇದರಲ್ಲಿ ಏನು ತಪ್ಪಿತ್ತು ಎಂಬುದನ್ನು ಮುಂದಿನ ಅಧ್ಯಕ್ಷರ ಬಾಯಿಂದ ಮುದ್ದೇಬಿಹಾಳದಲ್ಲಿ ಕೇಳೋಣ ಎಂದು ಕೂತೆ. ಸಾಹೇಬರು ಎದ್ದರು. ಕಲ್ಲಿನ ಮಾತು ಮುಗಿಸಿ ಕನ್ನಡಕ ತೆಗೆದರು.

“ಬುದ್ಧಿ ಅಳೀಬಹುದು ಅಂತ ಅವರ ಅಧ್ಯಕ್ಷರ ಹೇಳ್ಯಾರ. ಅಧ್ಯಕ್ಷರು ಹೇಳಿದ ಮ್ಯಾಲ ಮುಗೀತಲ್ಲ? ಇನ್ನ ನಾವ್ಯಾಕ ಹಿಂದ ಉಳೀಬೇಕು? ಹೆಡ್‌ಮಾಸ್ತರು ತಮ್ಮ ತಮ್ಮ ಸಾಲ್ಯಾಗ ಅಳದು ನೋಡ್ರಿ. ಕಡಿಮಿ ಬಿದ್ದ ಹುಡುಗೂರನ್ನ ಮುಲ್ಕಿಗೆ ಕುಂದ್ರಸಿ ಸಾಲೀ ಹೆಸರು ಕೆಡಿಸಬ್ಯಾಡ್ರಿ.”

ಮುಲ್ಕಿಯೆಂದರೆ ಏಳನೆಯ ಇಯತ್ತೆಯ ಕೊನೆಗೆ ಬರುವ ಸರಕಾರಿ ಪರೀಕ್ಷೆ. ಅದು ದಾಟಿದರೆ ಹೈಸ್ಕೂಲು, ದಾಟದಿದ್ದರೆ ಮನೆ. ನಾನು ಅರ್ಧ ಎದ್ದೆ. ಪಕ್ಕದವರು ಸೆರಗು ಹಿಡಿದು ಕೂರಿಸಿದರು. ಅಧ್ಯಕ್ಷರ ಭಾಷಣ ಆಗಿಹೋಗಿತ್ತು.

ಸಿಂದಗಿಯಲ್ಲಿ ನಮ್ಮ ಸಂಸ್ಥೆಯ ಹೆಣ್ಣುಮಕ್ಕಳು ಪಾಠ ಹೇಳಿ ಅಭ್ಯಾಸ ಮಾಡುತ್ತಿದ್ದ ಶಾಲೆಯೊಂದಿತ್ತು. ಅವರ ಪಾಠ ನೋಡಲು ನಾನು ಏಳನೆಯ ಇಯತ್ತೆಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ಯಾವಾಗಲೂ ಒಬ್ಬಳೇ ಹುಡುಗಿ. ತಾಂಬಾ ಎಂಬ ಹಳ್ಳಿಯವಳು. ಮನೆಯಲ್ಲಿ ಕುರಿ, ಒಂದಿಷ್ಟು ಹೊಲ. ಓದಿಗೆಂದು ಸಿಂದಗಿಯ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಅವಳಿಗೊಂದು ಅಭ್ಯಾಸ. ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದಳು. ಟೀಚರು ಬೇಸತ್ತು ಕೂರಿಸಿ, ಬೇರೆಯವರನ್ನು ಕೇಳಿ, ಮುಂದಿನ ಪ್ರಶ್ನೆಗೆ ಹೋದ ಮೇಲೆ ಇವಳ ಬಾಯಿಂದ ಮೊದಲಿನ ಪ್ರಶ್ನೆಯ ಉತ್ತರ ಮೆಲ್ಲಗೆ ಹೊರಬರುತ್ತಿತ್ತು. ಅದು ಹೆಚ್ಚಾಗಿ ಸರಿಯಿರುತ್ತಿತ್ತು. ಅದನ್ನು ಕೇಳಿಸಿಕೊಳ್ಳುತ್ತಿದ್ದವಳು ಪಕ್ಕದಲ್ಲಿ ಕೂತ ನಾನೊಬ್ಬಳೇ.

ಆ ಶಾಲೆಯ ಹೆಡ್‌ಮಾಸ್ತರರು ಬಿಳಿ ಟೋಪಿಯ, ಕಚ್ಚೆಪಂಚೆಯ ಶಿಸ್ತಿನ ಮನುಷ್ಯ. ಸಾಹೇಬರ ಮಾತು ಅವರಿಗೆ ಜ್ವರದಂತೆ ಹತ್ತಿತು. ಎಲ್ಲಿಂದಲೋ ಬುದ್ಧಿ ಪರೀಕ್ಷೆಯ ಒಂದು ಚಿತ್ರಪುಸ್ತಕ ತರಿಸಿದರು. ಚಿತ್ರಗಳೆಲ್ಲ ಆ ದೇಶದವು, ಕೆಳಗಿನ ಮಾತಷ್ಟೇ ಕನ್ನಡದ್ದು. ನಮ್ಮ ದೇಶದ ಮನೋವಿಜ್ಞಾನಿಗಳೂ ಈ ಎರವಲು ಪರೀಕ್ಷೆಗಳ ಬಗ್ಗೆ ಆಗಲೇ ಗೊಣಗುತ್ತಿದ್ದರು, ಆದರೆ ಆ ಗೊಣಗಾಟ ಸಿಂದಗಿಯವರೆಗೆ ಬಂದಿರಲಿಲ್ಲ. ಹೆಡ್‌ಮಾಸ್ತರರು ಒಂದು ಕೈಯಲ್ಲಿ ಜೇಬುಗಡಿಯಾರ ಹಿಡಿದು ಒಬ್ಬೊಬ್ಬರನ್ನೇ ಕರೆದರು. ನಾನು ಅಂದು ಅಲ್ಲಿಯೇ ಇದ್ದೆ.

ಇಳಿಜಾರು ಮಾಡಿನ ಒಂದು ಮನೆಯ ಚಿತ್ರ. ಅದರಲ್ಲಿ ಯಾವುದು ಬಿಟ್ಟುಹೋಗಿದೆ, ಹೇಳಬೇಕು. ಪುಸ್ತಕದ ಪ್ರಕಾರ ಇಲ್ಲದ್ದು ಹೊಗೆಗೂಡು. ಹುಡುಗಿ ಚಿತ್ರವನ್ನೇ ನೋಡುತ್ತ ನಿಂತಳು. ಹೆಡ್‌ಮಾಸ್ತರರು ಗಡಿಯಾರ ನೋಡಿ, ಸೊನ್ನೆ ಹಾಕಿ, ಹಾಳೆ ತಿರುಗಿಸಿದರು. ಅವರು ಎರಡನೆಯ ಚಿತ್ರ ತೋರಿಸುತ್ತಿರುವಾಗ ಅವಳೆಂದಳು, “ಮಾಳಿಗಿನ ಇಲ್ಲಲ್ರಿ. ಹತ್ತಾಕ ನಿಚ್ಚಣಿಕಿನೂ ಇಲ್ಲ. ಸಂಡಿಗಿ ಎಲ್ಲಿ ಒಣಗಸ್ತಾರ್ರಿ ಇವರು?”

ಸಿಂದಗಿಯಲ್ಲಿ ಮನೆಯೆಂದರೆ ಮಣ್ಣಿನ ಮಾಳಿಗೆಯ ಮನೆ. ಮಾಳಿಗೆ ಮೇಲೆ ಮೆಣಸಿನಕಾಯಿ, ಸಂಡಿಗೆ, ಬೇಸಿಗೆಯಲ್ಲಿ ಮಲಗುವ ಜನ. ಅದಿಲ್ಲದ ಮನೆಯಲ್ಲಿ ಅವಳಿಗೆ ಕೊರತೆ ಕಂಡಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಹೆಡ್‌ಮಾಸ್ತರರಿಗೂ ನಗು ಬಂತು. ಆದರೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

“ಮಾಸ್ತರ್ರ, ಆಕಿಗಿ ಹೊತ್ತು ಬೇಕು. ಕೊಟ್ರ ಹೇಳತಾಳ,” ಎಂದೆ.

“ಮುಲ್ಕ್ಯಾಗ ಯಾರು ಹೊತ್ತು ಕೊಡತಾರ್ರಿ ಅಕ್ಕೋರ? ನನಗೇನು ಆಕೀ ಮ್ಯಾಲ ಸಿಟ್ಟೈತೇನು? ಅಧ್ಯಕ್ಷರ ಹೇಳ್ಯಾರ. ನಿಮ್ಮ ಭಾಷಣದಾಗ ನೀವ ಹೇಳಿದ್ದು.”

ಮನೆಗೆ ಬಂದೆ. ಎರಡು ದಿನ ಬಿಟ್ಟು ಹುಡುಗಿಯ ತಾಯಿ ತಾಂಬಾದಿಂದ ನಮ್ಮ ಮನೆಗೇ ಬಂದಳು. ಬಾಗಿಲಲ್ಲಿ ನಿಂತು, ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಸೀತನಿಯನ್ನು, ಅಂದರೆ ಹಸಿಜೋಳದ ಸುಟ್ಟ ಕಾಳನ್ನು, ಬಿಚ್ಚಿ ನನ್ನ ಮುಂದಿಟ್ಟಳು.

“ಮುಲ್ಕಿಗೆ ಕುಂದ್ರಸೂದಿಲ್ಲ ಅಂದಾರಂತ್ರಿ. ನಮ್ಮ ತಮ್ಮ ಅಂತಾನ, ಸಾಲ್ಯಾಗ ಬ್ಯಾಡಾದಾಕಿನ್ನ ಮನ್ಯಾಗ ಇಟಗೊಂಡು ಏನ್ಮಾಡೂದು, ಬ್ಯಾಸಗ್ಯಾಗ ಮದಿವಿ ಮಾಡಿ ಬಿಡೂಣು ಅಂತ. ವರಾನೂ ನೋಡ್ಯಾನ. ಅಕ್ಕೋರ, ನನ್ನ ಮಗಳ ತಲಿ ಖರೇನ ಕಡಿಮಿ ಐತೇನ್ರಿ?”

“ಇಲ್ಲ,” ಎಂದೆ.

“ಹಂಗಂತ ಅವರಿಗೆ ಹೇಳ್ರಿ ಮತ್ತ.”

ಅವಳು ಹೋದ ಮೇಲೆ ಸೀತನಿಯನ್ನು ಬಾಯಿಗಿಡಲಾಗಲಿಲ್ಲ. ನನಗೆ ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಸಾಯಂಕಾಲ ಹುಡುಗಿಯ ಮಾವನ ಮನೆಗೂ ಹೋಗಿ ಬಂದೆ. ಆತ ಮರ್ಯಾದೆಯಿಂದ ಚಹಾ ಕೊಟ್ಟು, ಹೆಡ್‌ಮಾಸ್ತರರು ಹೂಂ ಅಂದರೆ ತನ್ನದೇನೂ ಅಡ್ಡಿಯಿಲ್ಲ ಎಂದ. ಹೆಡ್‌ಮಾಸ್ತರರನ್ನು ಕೇಳಿದರೆ ಸಾಹೇಬರು ಹೂಂ ಅನ್ನಬೇಕು ಎಂದರು. ಸಾಹೇಬರು ಹೂಂ ಅನ್ನಬೇಕಾದರೆ ಚೀಲದಲ್ಲಿದ್ದ ಅಮೆರಿಕದ ಅಧ್ಯಕ್ಷರೇ ಬರಬೇಕಿತ್ತು.

ಆ ಅಧ್ಯಕ್ಷರನ್ನು ಮುದ್ದೇಬಿಹಾಳಕ್ಕೆ ಕರೆದೊಯ್ದೆ. ಅಲ್ಲಿ ನನ್ನ ಭಾಷಣವೆಲ್ಲ ಅಳತೆಯ ಮೇಲೆ ಬಂದ ಆಕ್ಷೇಪಣೆಗಳ ಸುತ್ತಲೇ ನಡೆಯಿತು. ಇಲಿಯ ಕತೆ ಹೇಳಿದೆ. ಮನೆಯ ಚಿತ್ರದ ಕತೆಯನ್ನೂ ಹುಡುಗಿಯ ಊರು ಹೇಳದೆ ಹೇಳಿದೆ. ಜನ ನಕ್ಕರು, ತಲೆದೂಗಿದರು, ಸಿಂದಗಿಯ ಹೆಡ್‌ಮಾಸ್ತರರು ಮಾತ್ರ ನೆಲ ನೋಡುತ್ತ ಕೂತಿದ್ದರು. ಆಯಿತು, ಗೆದ್ದೆ ಅಂದುಕೊಂಡೆ. ಸಾಹೇಬರು ಎದ್ದು ನನ್ನ ಭಾಷಣವನ್ನು ಬಾಯಿತುಂಬ ಹೊಗಳಿದರು. ಆಮೇಲೆ ಅಂದರು, “ಇಲೀ ಮಾತು ಚಲೋ ಇತ್ತು. ಆದ್ರ ಬುದ್ಧಿ ಅಳಿಯೂ ಮಾತು ಸಿಂದಗ್ಯಾಗ ಮುಗದೈತಿ. ಮುಗಿಸಿದ ಸಭಾ ಮತ್ತ ತಗಿಯಾಕ ಬರೂದಿಲ್ಲ.”

ನಾನು ಎದ್ದು ನಿಂತೆ. “ಸಾಹೇಬ್ರ, ಒಂದು ಮಾತು…”

ನಾನು ಏನೋ ಮೈಲಿಗೆ ಮಾಡಿದ ಹಾಗೆ ಎಲ್ಲರೂ ನನ್ನನ್ನೇ ನೋಡಿದರು. ವೇದಿಕೆಯ ಮೇಲಿದ್ದವರೊಬ್ಬರು ಮೆಲ್ಲಗೆ, “ಅಕ್ಕೋರ, ಅಧ್ಯಕ್ಷರ ಭಾಷಣ ಆಗೈತ್ರಿ,” ಎಂದರು. ಸಾಹೇಬರಿಗೇ ನನ್ನ ಬಗ್ಗೆ ಕನಿಕರ ಬಂದಂತಿತ್ತು. ಕೂತೆ. ಮುಖಕ್ಕೆ ಬೆಂಕಿ ಹತ್ತಿದ ಹಾಗಿತ್ತು.

ಆಗ ವಂದನಾರ್ಪಣೆಗೆಂದು ಅಲ್ಲಿಯ ಒಬ್ಬ ಡ್ರಿಲ್ ಮಾಸ್ತರರು ಬಂದರು. ಎಲ್ಲರೂ ಚಪ್ಪಲಿಯ ಕಡೆ ಹೊರಟಿದ್ದರು, ಆದರೆ ಕೂತು ಉರಿಯುತ್ತಿದ್ದ ನಾನು ಪೂರ್ತಿ ಕೇಳಿದೆ. ಅವರು ಸಾಹೇಬರಿಗೆ, ನನಗೆ, ಹಾರ ಕಟ್ಟಿದವರಿಗೆ ವಂದನೆ ಹೇಳಿ, “ಬರತೇನಿ ಅಂತ ಹೇಳಿ ಬರಲಾರದ ನಮ್ಮೂರ ಮುಖಂಡರಿಗೂ ವಂದನೆಗಳು. ಅವರು ಬಂದಿದ್ರ ನಮಗೆಲ್ಲಾ ಊಟಕ್ಕ ಇನ್ನೂ ತಡ ಆಗತಿತ್ತು,” ಎಂದರು. ಸಾಹೇಬರೂ ಸೇರಿ ಎಲ್ಲರೂ ನಕ್ಕರು. ಯಾರಿಗೂ ಅವಮಾನವಾಗಲಿಲ್ಲ. ನನಗೆ ನಗು ಬರಲಿಲ್ಲ, ಬೇರೇನೋ ಬಂತು. ಅಧ್ಯಕ್ಷರ ಮಾತಾದ ಮೇಲೂ ಒಬ್ಬರಿಗೆ ಮಾತಾಡಲು ಬಿಡುತ್ತಾರೆ. ಅವರು ಏನೇ ಹೇಳಲಿ, ವಂದನೆ ಎಂದು ಹೇಳಬೇಕು ಅಷ್ಟೇ.

ಬಾಗೇವಾಡಿ ನನ್ನ ಊರು. ಅಲ್ಲಿಯ ಶಿಬಿರ ನೋಡಿಕೊಳ್ಳುತ್ತಿದ್ದವರು ನನ್ನನ್ನು ಲಂಗ ಹಾಕಿದಾಗಿನಿಂದ ಬಲ್ಲವರು. ವಂದನಾರ್ಪಣೆ ನನಗೆ ಕೊಡಿ ಎಂದಾಗ, “ಯವ್ವಾ, ನೀ ಮುಖ್ಯ ಭಾಷಣ ಮಾಡಾಕಿ. ವಂದನಾ ಹೇಳೂದು ಮಸೂತಿ ಊರ ಸಾಲೀ ಸಣ್ಣ ಮಾಸ್ತರಗ ಕೊಟ್ಟೇವಿ. ಕಡಿಮಿ ಕೆಲಸ ಅದು,” ಎಂದು ಗಾಬರಿಯಾದರು. ತವರೂರವರಿಗೆ ನಾನೇ ವಂದನೆ ಹೇಳಬೇಕೆಂದು ಆಸೆ ಎಂದೆ. ಅದು ಸುಳ್ಳೂ ಅಲ್ಲ. ಅವರಿಗೆ ಕಣ್ಣು ತುಂಬಿ ಬಂತು. ಮಸೂತಿಯ ಮಾಸ್ತರನಿಗೂ ಸಂತೋಷವೇ ಆಯಿತು.

ಭಾಷಣ ಚಿಕ್ಕದು ಮಾಡಿದೆ. ವಿದ್ಯೆಯನ್ನು ಜನರಿಗೆ ಕೊಟ್ಟುಬಿಡೋಣ ಎಂದವರ ಬಗ್ಗೆ, ಗುಳಿಗೆಯವರ ಬಗ್ಗೆ ಹೇಳಿದೆ. ಗುಳಿಗೆಗೆ ಸಭೆ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಎದ್ದು ಕಲ್ಲಿನ ಮಾತು ಹೇಳಿ, ಶಿಬಿರದ ತೀರ್ಮಾನಗಳನ್ನು ಎಣಿಸಿ, ಅದರಲ್ಲಿ ಸಿಂದಗಿಯ ಅಳತೆಯನ್ನೂ ಸೇರಿಸಿ ಮುಗಿಸಿದರು. ಬೆಂಚುಗಳು ಸರಿದವು. ನಾನು ಮೈಕಿನ ಮುಂದೆ ಬಂದೆ.

“ಅಧ್ಯಕ್ಷರ ಅಪ್ಪಣೆ ಮೇರೆಗೆ ವಂದನೆ ಹೇಳತೇನಿ. ನಾಕೂ ಊರಾಗ ನಮಗ ದಾರಿ ತೋರಿಸಿದ ಅಧ್ಯಕ್ಷರಿಗೆಲ್ಲಾ ಹೇಳಬೇಕು, ಅದಕ್ಕ ಒಂದೀಟು ಹೊತ್ತು ಕುಂದರ್ರಿ.” ಚಪ್ಪಲಿ ಮೆಟ್ಟಿದವರು ನಿಂತರು. “ನಿಮ್ಮೊಳಗ ನೀವ ನೋಡಿಕೋರಿ ಅಂದ ಮೊದಲಿನ ಅಧ್ಯಕ್ಷರಿಗೆ ವಂದನೆ. ಅದು ಸಾಲೂದಿಲ್ಲ, ಅಳದು ನೋಡ್ರಿ ಅಂದು ಅವರ ಮಾತು ತಗದು ಹಾಕಿದವರಿಗೂ ವಂದನೆ. ಅಳತೀನೂ ಬ್ಯಾಡ ಮನಸೂ ಬ್ಯಾಡ ಅಂದವರಿಗೂ ವಂದನೆ. ನೀವು ನೀವು ಜಗಳಾಡೂದು ಸಾಕು ಅಂದವರಿಗೂ ವಂದನೆ. ಒಬ್ಬ ಅಧ್ಯಕ್ಷರ ಮ್ಯಾಲ ಇನ್ನೊಬ್ಬ ಅಧ್ಯಕ್ಷರು ಮಾತಾಡಿದ್ರು. ಯಾರ ಮರ್ಯಾದಿನೂ ಹೋಗಲಿಲ್ಲ. ಅದಕ್ಕ ಆ ವಿದ್ಯೆ ಇನ್ನೂ ಬೆಳ್ಯಾಕತ್ತೈತಿ.”

ಹಿಂದೆ ತಿರುಗಿ ನೋಡಲಿಲ್ಲ, ಆದರೆ ಸಾಹೇಬರ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

“ನಮ್ಮ ಸಾಹೇಬ್ರಿಗೆ ದೊಡ್ಡ ವಂದನೆ. ಸಾಲೋಟಗಿ ಕಲ್ಲು ನಾವ್ಯಾರೂ ಪೂರಾ ಓದಿಲ್ಲ, ಅವರು ಓದ್ಯಾರ. ಓದೋರ ದೀಪಕ್ಕ ಎಣ್ಣಿ ಬಿಟ್ಟಾರ ಅಂತ ಐತಿ. ಜಾಣರ ದೀಪಕ್ಕಷ್ಟ ಅಂತ ಅದರಾಗ ಇದ್ದಿದ್ರ ಸಾಹೇಬ್ರು ನಮಗ ಹೇಳಲಾರದ ಇರತಿದ್ದಿಲ್ಲ. ಇಲ್ಲ. ಅದಕ್ಕ ಅವರಿಗೆ ವಂದನೆ.”

ಯಾರೋ ಒಬ್ಬರು ಚಪ್ಪಾಳೆ ಹೊಡೆದರು. ಇನ್ನುಳಿದದ್ದು ಒಂದೇ ಮಾತು.

“ಕಡೀಕ, ನಮ್ಮ ಸಿಂದಗಿ ಹೆಡ್‌ಮಾಸ್ತರಿಗೆ ವಂದನೆ. ಎರಡನೇ ಸಾಲಿನಾಗ ಕುಂತಾರ. ಅವರು ತಮ್ಮ ಸಾಲೀ ಏಳನೇ ಇಯತ್ತೆದಾಗ ಒಬ್ಬರನ್ನೂ ಹಿಂದ ಬಿಡಲಾರದ ಎಲ್ಲಾರನ್ನೂ ಮುಲ್ಕಿಗೆ ಕುಂದ್ರಸಾಕತ್ತಾರ. ಅವರ ದೊಡ್ಡ ಮನಸಿಗೆ ನಮ್ಮೂರವರು ಚಪ್ಪಾಳಿ ಹೊಡೀರಿ.”

ಬಾಗೇವಾಡಿಯವರಿಗೆ ಚಪ್ಪಾಳೆ ಹೊಡೆಯುವುದರಲ್ಲಿ ಜಿಪುಣತನವಿಲ್ಲ. ಎಲ್ಲರೂ ಹೊರಳಿ ಹೆಡ್‌ಮಾಸ್ತರರನ್ನು ನೋಡಿದರು. ವಂದನೆ ಹೇಳಿಸಿಕೊಂಡವರು ಎದ್ದು ಕೈಮುಗಿಯಬೇಕು, ಅದು ಕ್ರಮ. ಅವರು ಎದ್ದರು. ಟೋಪಿ ಸರಿಮಾಡಿಕೊಂಡರು. ಒಮ್ಮೆ ಸಾಹೇಬರ ಕಡೆ, ಒಮ್ಮೆ ನನ್ನ ಕಡೆ ನೋಡಿ ಕೈ ಜೋಡಿಸಿದರು.

ಸಾಹೇಬರು ಇಳಿಯುವಾಗ ನನ್ನ ಹತ್ತಿರ ನಿಂತರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. “ಆ ಕಲ್ಲಿನ್ಯಾಗ ಜಾಣರು ಅಂತ ಇಲ್ಲ, ಖರೆ,” ಎಂದಷ್ಟೇ ಹೇಳಿ ಜೀಪು ಹತ್ತಿದರು. ಅವರಿಗೆ ಸಿಟ್ಟು ಬಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮನಸ್ಸು ಓದುವ ವಿದ್ಯೆ ನನಗೆ ಬರುವುದಿಲ್ಲ.

ಸಿಂದಗಿಯ ಬಸ್ಸಿನಲ್ಲಿ ಹೆಡ್‌ಮಾಸ್ತರರು ನನಗೆ ಬೆನ್ನು ಮಾಡಿ ಮುಂದಿನ ಸೀಟಿನಲ್ಲಿ ಕೂತರು. ದೇವರ ಹಿಪ್ಪರಗಿ ದಾಟಿದ ಮೇಲೆ ಹೊರಳಿದರು.

“ನನ್ನ ಕಟ್ಟಿ ಹಾಕಿದ್ರಿ ಅಕ್ಕೋರ. ಮಾಡಲಾರದ ಕೆಲಸಕ್ಕ ನಾಕು ತಾಲೂಕಿನ ಮುಂದ ವಂದನಾ ತೊಗೊಂಡೆ. ಇನ್ನ ಮಾಡಲಾರದ ಹೆಂಗಿರಲಿ?”

“ಸಿಟ್ಟಾದ್ರೇನ್ರಿ?”

“ಆಗೇನಿ. ಆಕಿನ್ನ ಕುಂದ್ರಸ್ತೇನಿ. ನಪಾಸಾದ್ರ?”

“ಆದ್ರ ಆಗಲಿ,” ಎಂದೆ. ಅಷ್ಟು ಸಸಾರವಾಗಿ ಹೇಳಿದ ನನಗೆ ಆಮೇಲೆ ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗೂ ಊಟ ಸೇರಲಿಲ್ಲ.

ಅವಳು ನಪಾಸಾದಳು. ಕನ್ನಡದಲ್ಲಿ ಒಳ್ಳೆಯ ಅಂಕ, ಸಮಾಜ ಪಾಠದಲ್ಲಿ ಪರವಾಗಿಲ್ಲ, ಗಣಿತದಲ್ಲಿ ಹೋಗಿತ್ತು. ಸುದ್ದಿ ತಿಳಿದ ಮೇಲೆ ನಾನು ಆ ಶಾಲೆಯ ಮುಂದಿನ ದಾರಿ ಬಿಟ್ಟು ಸಂತೆಯ ಓಣಿಯಿಂದ ಸುತ್ತಿ ಹೋಗತೊಡಗಿದೆ. ಹೆಡ್‌ಮಾಸ್ತರರು ಎದುರು ಬಂದು ‘ನೋಡಿದ್ರೇನ್ರಿ, ಅಳತಿ ಸುಳ್ಳಾತೇನು?’ ಎಂದಾರೆಂಬ ಅಳುಕು. ಬೇಸಿಗೆ ನಡೆದಿತ್ತು. ಹುಡುಗಿಯ ಮಾವ ವರನ ಮನೆಗೆ ಹೋಗಿ ಬಂದನೆಂದು ಕೇಳಿದ್ದೆ. ಚೀಲದ ಭಾಷಣಗಳನ್ನು ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಇಷ್ಟೂ ಜನ ದೊಡ್ಡವರು ಇಷ್ಟು ವರ್ಷ ಮಾತಾಡಿದರು, ತಾಂಬಾದ ಒಂದು ಹುಡುಗಿಗೆ ಅದರಿಂದ ಏನು ಸಿಕ್ಕಿತು ಎನಿಸುತ್ತಿತ್ತು.

ಒಂದು ಸಂಜೆ ಹೆಡ್‌ಮಾಸ್ತರರೇ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು. ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟರು.

“ಆಕೀ ಮಾವನ ಮನಿಗೆ ಹೋಗಿದ್ದೆ. ಆಕಿನ್ನ ಮತ್ತ ಕುಂದ್ರಸ್ತೇನಿ, ಮದಿವಿ ಮಾತು ತಗೀಬ್ಯಾಡ ಅಂತ ಹೇಳಿ ಬಂದೇನಿ. ಹೂಂ ಅಂದಾನ.”

ಈ ಸಲ ಯಾವ ಸಭೆಯೂ ಇರಲಿಲ್ಲ, ಯಾರೂ ಅವರಿಗೆ ಮುಂಚಿತವಾಗಿ ವಂದನೆ ಹೇಳಿರಲಿಲ್ಲ. ಹೇಳೋಣವೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

“ನಿಮ್ಮ ವಂದನಾ ಸಾಕ್ರಿ ಅಕ್ಕೋರ. ರವಿವಾರ ಸಾಲಿಗೆ ಬಂದು ಆಕಿಗಿ ಲೆಕ್ಕ ಹೇಳಿಕೊಡ್ರಿ. ನಾನೂ ಬರತೇನಿ.”

ರವಿವಾರ ಹೋದೆ. ಖಾಲಿ ಕೋಣೆಯಲ್ಲಿ ಹುಡುಗಿ ಪಾಟಿ ಹಿಡಿದು ಕೂತಿದ್ದಳು, ಹೆಡ್‌ಮಾಸ್ತರರು ಕಿಟಕಿಯ ಹತ್ತಿರ. ಒಂದು ಬಡ್ಡಿ ಲೆಕ್ಕ ಹೇಳಿದೆ. ಅವಳು ಪಾಟಿಯನ್ನೇ ನೋಡುತ್ತ ಕೂತಳು. ಬಹಳ ಹೊತ್ತಾಯಿತು. ಮನೋವಿಜ್ಞಾನ ಓದಿದ ನನಗೇ ತಡೆಯದೆ ಸುಳುಹು ಕೊಡಲು ಹೊರಟೆ. ಹೆಡ್‌ಮಾಸ್ತರರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು. ಕೊನೆಗೆ ಅವಳು ಬರೆದು ಪಾಟಿಯನ್ನು ನಮ್ಮ ಕಡೆ ತಿರುಗಿಸಿದಳು.

ಉತ್ತರ ತಪ್ಪಾಗಿತ್ತು.

“ಅಳಿಸಿ ಮತ್ತ ಮಾಡವ್ವಾ,” ಎಂದರು ಹೆಡ್‌ಮಾಸ್ತರರು. “ಹೊತ್ತು ಬೇಕಾದಷ್ಟೈತಿ.” ಗಡಿಯಾರವನ್ನು ಜೇಬಿನಿಂದ ತೆಗೆಯಲಿಲ್ಲ.